ಅಪ್ಪ ಸಹಿ ಹಾಕಿದರು, ಮಗ ‘ಬೇಡ’ ಎಂದ

ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ನನಗೆ ಒಂದೇ ಪ್ರಶ್ನೆ. ‘ಬೆಂಗಳೂರಿನಲ್ಲಿ ನಿನಗೆ ಎಂಥ ಕೆಲಸ?’ ಡಾಕ್ಟರ್ ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಟೀಚರ್ ಎಂದರೂ ಮುಗಿಯುತ್ತದೆ. ರಿಸರ್ಚ್ ಅಸಿಸ್ಟೆಂಟ್ ಎಂದರೆ ಮುಗಿಯುವುದಿಲ್ಲ. ‘ಅಂದರೆ ಎಂಥ ಮಾಡ್ಲಿಕ್ಕೆ ಉಂಟು ಅಲ್ಲಿ?’ ‘ಹದಿಹರೆಯದ ಮಕ್ಕಳ ಮೆದುಳು ಹೇಗೆ ಬೆಳೆಯುತ್ತದೆ ಅಂತ ನೋಡುವ ಲ್ಯಾಬ್. ಅದರಲ್ಲಿ ಸಹಾಯಕಿ’ ಎನ್ನುತ್ತೇನೆ. ಪಕ್ಕದ ಮನೆಯ ಕಾಕ ಒಮ್ಮೆ ಇದನ್ನು ಕೇಳಿ ಸ್ವಲ್ಪ ಹೊತ್ತು ಯೋಚಿಸಿ, ‘ಆ ಪ್ರಾಯದ ಮಕ್ಕಳಿಗೆ ಮೆದುಳು ಅಂತ ಒಂದು ಉಂಟಾ?’ ಎಂದರು. ಜಗಲಿಯಲ್ಲಿ ಕೂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನನ್ನ ತಮ್ಮ ಮಾತ್ರ ನಗಲಿಲ್ಲ. ಅವನಿಗೆ ಆಗ 16 ವರ್ಷ.

ಕಾಕನ ಪ್ರಶ್ನೆಗೆ ಅವತ್ತು ನಾನು ಉತ್ತರ ಕೊಡಲಿಲ್ಲ. ತಮ್ಮ ಯಾಕೆ ನಗಲಿಲ್ಲ ಎಂದು ಅವನನ್ನೂ ಕೇಳಲಿಲ್ಲ. ಎರಡು ವರ್ಷ ಆ ಲ್ಯಾಬಿನಲ್ಲಿ ದುಡಿದ ಮೇಲೆ ಎರಡಕ್ಕೂ ಉತ್ತರ ಹೇಳಬಹುದು ಎಂದು ಈಗ ಅನಿಸುತ್ತಿದೆ. ಲ್ಯಾಬಿನ ಹೆಸರು ಇಲ್ಲಿ ಬರೆಯುವುದಿಲ್ಲ. ಅಲ್ಲಿಗೆ ಬಂದ ಮಕ್ಕಳ ಗುರುತು ಕಾಪಾಡುವುದೇ ಈ ಕೆಲಸದ ಮೊದಲ ನಿಯಮ.

ಬೆಳಗ್ಗೆಯಿಂದ ಸಂಜೆಯ ತನಕ

ಲ್ಯಾಬ್ ಎಂದರೆ ಬಿಳಿ ಕೋಟು, ಗಾಜಿನ ನಳಿಕೆ, ಬಣ್ಣದ ನೀರು ಎಂದು ಉಮ್ಮ ಅಂದುಕೊಂಡಿದ್ದರು. ನನ್ನ ಮೊದಲ ಎರಡು ತಿಂಗಳು ಕಳೆದದ್ದು ಫೋನಿನಲ್ಲಿ. ಮಕ್ಕಳ ತಂದೆ ತಾಯಿಗೆ ಫೋನ್ ಮಾಡಬೇಕು, ಅಧ್ಯಯನ ಏನೆಂದು ಹೇಳಬೇಕು, ಅವರಿಗೆ ಆಗುವ ದಿನ ಗೊತ್ತುಮಾಡಬೇಕು. ಮಕ್ಕಳಿಗೆ ಶಾಲೆ ಇರುವುದರಿಂದ ನಮಗೆ ಶನಿವಾರ, ಭಾನುವಾರವೇ ಹೆಚ್ಚು ಕೆಲಸ. ಹತ್ತು ಮನೆಗೆ ಫೋನ್ ಮಾಡಿದರೆ ಮೂವರು ಬರುತ್ತೇವೆ ಎನ್ನುತ್ತಾರೆ, ಕೊನೆಗೆ ಇಬ್ಬರು ಬರುತ್ತಾರೆ.

ಬಂದ ಮೇಲೆ ಒಪ್ಪಿಗೆ ಪತ್ರ ಓದಿ ಹೇಳುವುದು. ಅನಂತರ ಪ್ರಶ್ನಾವಳಿ. ನಿದ್ದೆ ಎಷ್ಟು, ಸ್ನೇಹಿತರು ಎಷ್ಟು, ಮನೆಯಲ್ಲಿ ಜಗಳ ಉಂಟಾ, ಶಾಲೆಯಲ್ಲಿ ಯಾರಾದರೂ ಹೆದರಿಸುತ್ತಾರಾ. ಅದರ ನಂತರ ಕಂಪ್ಯೂಟರಿನಲ್ಲಿ ಆಟದ ಹಾಗಿರುವ ಪರೀಕ್ಷೆ. ಒಂದು ಚಿತ್ರ ಬಂದರೆ ಗುಂಡಿ ಒತ್ತಬೇಕು, ಇನ್ನೊಂದು ಬಂದರೆ ಒತ್ತಬಾರದು. ನೋಡಲು ಸುಲಭ. ಆದರೆ ಒತ್ತಲು ಹೊರಟ ಬೆರಳನ್ನು ಕೊನೆಯ ಕ್ಷಣದಲ್ಲಿ ತಡೆಯುವುದು ದೊಡ್ಡವರಿಗೇ ಕಷ್ಟ. ಕೈಯನ್ನು, ನಾಲಗೆಯನ್ನು, ಸಿಟ್ಟನ್ನು ತಡೆಯುವ ಶಕ್ತಿ ಯಾವ ಪ್ರಾಯದಲ್ಲಿ ಎಷ್ಟು ಬೆಳೆದಿದೆ ಎಂದು ತಿಳಿಯಲು ಇಂಥ ಆಟಗಳು ಬೇಕು.

ಕೊನೆಗೆ ಎಂಆರ್‌ಐ. ಇದರಲ್ಲಿ ಎಕ್ಸ್-ರೇ ಇಲ್ಲ, ಚುಚ್ಚುವುದಿಲ್ಲ. ಇರುವುದು ಬಲವಾದ ಅಯಸ್ಕಾಂತ ಮತ್ತು ಕಿವಿ ಮುಚ್ಚಿಕೊಳ್ಳಬೇಕಾದಷ್ಟು ಶಬ್ದ. ಅಯಸ್ಕಾಂತ ಯಾವತ್ತೂ ಆಫ್ ಆಗುವುದಿಲ್ಲ. ಹಾಗಾಗಿ ಒಳಗೆ ಹೋಗುವ ಮೊದಲು ಲೋಹದ ತಪಾಸಣೆ ನನ್ನ ಜವಾಬ್ದಾರಿ. ಬೆಲ್ಟಿನ ಬಕಲು, ಕಿವಿಯ ಓಲೆ, ಜೇಬಿನ ನಾಣ್ಯ, ಹಲ್ಲಿನ ತಂತಿ, ತಲೆವಸ್ತ್ರದ ಪಿನ್ನು. ಈ ಪಿನ್ನಿನ ವಿಷಯದಲ್ಲಿ ನಾನು ಲ್ಯಾಬಿಗೆ ಉಪಕಾರಕ್ಕೆ ಬಂದೆ. ಒಂದು ತಲೆವಸ್ತ್ರದಲ್ಲಿ ಎಷ್ಟು ಪಿನ್ನು ಎಲ್ಲೆಲ್ಲಿ ಅಡಗಿರುತ್ತದೆ ಎಂದು ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ. ಪಿನ್ನಿಲ್ಲದೆ ಕಟ್ಟಬಹುದಾದ ಹತ್ತಿಯ ಬಟ್ಟೆ ಎರಡು ತಂದು ಕಪಾಟಿನಲ್ಲಿ ಇಟ್ಟೆ.

ಯಂತ್ರದೊಳಗೆ ಮುಕ್ಕಾಲು ಗಂಟೆ ತಲೆ ಅಲ್ಲಾಡಿಸದೆ ಮಲಗಬೇಕು. ಒಂದೆರಡು ಮಿಲಿಮೀಟರ್ ಅಲ್ಲಾಡಿದರೂ ಚಿತ್ರ ಮಸುಕು. ಹಾಗಾಗಿ ಮೊದಲು ಸುಳ್ಳು ಯಂತ್ರದಲ್ಲಿ ಅಭ್ಯಾಸ. ಅದೇ ಆಕಾರದ ಕೊಳವೆ, ಅದೇ ಶಬ್ದದ ರೆಕಾರ್ಡಿಂಗ್, ಒಳಗೆ ಅಯಸ್ಕಾಂತ ಇಲ್ಲ. ಅಲ್ಲಿ ಪ್ರತಿಮೆಯ ಹಾಗೆ ಮಲಗುವ ಆಟ ಆಡಿಸುತ್ತೇವೆ. ಸಂಜೆ ಮಕ್ಕಳು ಹೋದ ಮೇಲೆ ಹೆಸರು ತೆಗೆದು ನಂಬರು ಹಾಕಿ ಎಲ್ಲವನ್ನೂ ಕಂಪ್ಯೂಟರಿಗೆ ಸೇರಿಸಬೇಕು, ತಪ್ಪು ಹುಡುಕಬೇಕು, ಮರುದಿನದ ಪಟ್ಟಿ ಮಾಡಬೇಕು. ವಿಜ್ಞಾನದ ದೊಡ್ಡ ಸುದ್ದಿಗಳ ಹಿಂದೆ ಇಂಥ ಸಣ್ಣ ಕೆಲಸ ಸಾವಿರ ಇರುತ್ತದೆ.

ಒಂದು ಶನಿವಾರ

ಆ ಶನಿವಾರ 13 ವರ್ಷದ ಹುಡುಗನೊಬ್ಬ ಅಪ್ಪನ ಜತೆ ಬಂದ. ಅಪ್ಪ ಅರ್ಧ ದಿನದ ಕೆಲಸ ಬಿಟ್ಟು ಆಟೋ ಮಾಡಿಕೊಂಡು ಬಂದಿದ್ದರು. ಪತ್ರ ಓದಿ ಹೇಳಿದೆ, ಸಹಿ ಹಾಕಿದರು. ನಮ್ಮಲ್ಲಿ ಇನ್ನೊಂದು ಪತ್ರ ಉಂಟು, ಮಗುವಿನದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅಂದರೆ ಐಸಿಎಂಆರ್ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 7ರಿಂದ 12 ವರ್ಷದ ಮಕ್ಕಳ ಬಾಯಿಮಾತಿನ ಒಪ್ಪಿಗೆ, 12ರಿಂದ 18ರ ವರೆಗಿನವರ ಲಿಖಿತ ಒಪ್ಪಿಗೆ ಪಡೆಯಬೇಕು. ತಂದೆ ತಾಯಿ ಸಹಿ ಹಾಕಿದ ಮೇಲೂ ಮಗುವನ್ನು ಬೇರೆಯಾಗಿ ಕೇಳಲೇಬೇಕು.

ಹುಡುಗ ಪತ್ರ ಪೂರ್ತಿ ಓದಿದ. ಪೆನ್ನು ಹಿಡಿದ. ಆಮೇಲೆ ಪೆನ್ನು ಮೇಜಿನ ಮೇಲೆ ಇಟ್ಟು, ‘ನಂಗೆ ಬೇಡ’ ಎಂದ.

ಅವತ್ತು ನಾನು ಮಾಡಿದ್ದು ಸರಿಯಲ್ಲ. ಯಂತ್ರದ ಸಮಯ ಕಾದಿರಿಸಿ ಆಗಿತ್ತು, ಆ ತಿಂಗಳು ನಮಗೆ ಮಕ್ಕಳು ಕಡಿಮೆ ಬಂದಿದ್ದರು. ‘ನೋವಾಗಲ್ಲಪ್ಪ’ ಎಂದೆ. ‘ಮುಗಿದ ಮೇಲೆ ನಿನ್ನ ಮೆದುಳಿನ ಫೋಟೋ ಕೊಡ್ತೀವಿ, ಫ್ರೆಂಡ್ಸ್‌ಗೆ ತೋರಿಸಬಹುದು’ ಎಂದೆ. ಅವನು ಅಪ್ಪನ ಮುಖ ನೋಡಿದ. ಅಪ್ಪ, ‘ಅವನ್ನೇನ್ ಕೇಳೋದು ಮೇಡಂ, ನಾನು ಅಪ್ಪ ಅಲ್ವಾ? ಹೋಗೋ’ ಎಂದರು. ಹುಡುಗ ಎದ್ದು ನಿಂತ. ಹೋಗಲು ಒಪ್ಪಿದ ಎಂದು ನನಗೆ ಖುಷಿ.

ಅಷ್ಟರಲ್ಲಿ ನನ್ನ ಹಿರಿಯ ಸಹೋದ್ಯೋಗಿ ನನ್ನನ್ನು ಹೊರಗೆ ಕರೆದರು. ‘ಅವನು ಹೇಳಿದ್ದು ನಿನಗೆ ಕೇಳಿಸ್ತಾ?’ ಎಂದು ಕೇಳಿದರು. ಕೇಳಿಸಿತು ಎಂದೆ. ‘ಹಾಗಿದ್ರೆ ಎರಡನೇ ಸಲ ಯಾಕೆ ಕೇಳ್ತಿದ್ದೀಯಾ?’

ನಾನು ಒಳಗೆ ಬಂದು ಅಪ್ಪನ ಕ್ಷಮೆ ಕೇಳಿದೆ. ಮಗ ಬೇಡ ಎಂದಿರುವುದರಿಂದ ಇವತ್ತು ಯಂತ್ರ ಇಲ್ಲ ಎಂದೆ. ಅವರಿಗೆ ಸಿಟ್ಟು ಬಂತು, ಬರುವುದು ಸಹಜ. ಆಟೋ ಬಾಡಿಗೆ, ಅರ್ಧ ದಿನದ ಸಂಬಳ. ಬಂದುಹೋಗುವ ಖರ್ಚಿನ ಲಕೋಟೆ ಕೊಟ್ಟೆವು. ಅಧ್ಯಯನಕ್ಕೆ ಸೇರಿದರೂ ಸೇರದಿದ್ದರೂ ಅದು ಅವರ ಹಕ್ಕು. ಹುಡುಗ ಬಾಗಿಲ ಹತ್ತಿರ ತಿರುಗಿ, ‘ಯಾರಿಗಾದ್ರೂ ಬೈತಾರಾ?’ ಎಂದು ಕೇಳಿದ. ಇಲ್ಲ ಎಂದೆ. ಅವರು ಮತ್ತೆ ಬರಲಿಲ್ಲ. ನಮ್ಮ ಪಟ್ಟಿಯಲ್ಲಿ ಆ ನಂಬರಿನ ಮುಂದೆ ಎಲ್ಲ ಮನೆಗಳೂ ಖಾಲಿ.

ಕಾಲುದಾರಿ ಮತ್ತು ಡಾಮರು ರಸ್ತೆ

ಈಗ ಕಾಕನ ಪ್ರಶ್ನೆಗೆ ಬರುತ್ತೇನೆ. ಆ ಪ್ರಾಯದಲ್ಲಿ ಮೆದುಳು ಉಂಟು, ಚೆನ್ನಾಗಿಯೇ ಉಂಟು. ಗಾತ್ರದಲ್ಲಿ ಆರು ವರ್ಷಕ್ಕೇ ಅದು ದೊಡ್ಡವರ ಮೆದುಳಿನ ಹತ್ತಿರ ಬಂದಿರುತ್ತದೆ. ಆಮೇಲೆ ನಡೆಯುವುದು ಒಳಗಿನ ಕೆಲಸ.

ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಡಾ. ಜೇ ಗೀಡ್ ಮತ್ತು ಸಂಗಡಿಗರು ಒಂದೇ ಮಕ್ಕಳನ್ನು ಮತ್ತೆ ಮತ್ತೆ ಕರೆಸಿ ಸ್ಕ್ಯಾನ್ ಮಾಡುತ್ತಾ ಬಂದರು. 1999ರಲ್ಲಿ ಅವರು ಪ್ರಕಟಿಸಿದ ವರದಿ ಈ ಕ್ಷೇತ್ರದ ದಿಕ್ಕು ಬದಲಿಸಿತು. ಮೆದುಳಿನ ಬೂದು ಭಾಗ ಹದಿಹರೆಯದ ಹೊಸ್ತಿಲಿನ ತನಕ ದಪ್ಪವಾಗುತ್ತಾ ಹೋಗಿ, ಅನಂತರ ನಿಧಾನವಾಗಿ ತೆಳ್ಳಗಾಗುತ್ತದೆ ಎಂದು ಅದರಲ್ಲಿ ಕಂಡಿತು. ತೆಳ್ಳಗಾಗುವುದು ಎಂದರೆ ಹಾಳಾಗುವುದು ಅಲ್ಲ.

ನಮ್ಮ ಹಳ್ಳಿಯ ಗುಡ್ಡವನ್ನು ನೆನಪಿಸಿಕೊಳ್ಳಿ. ಮೊದಲು ಹತ್ತಾರು ಕಾಲುದಾರಿ ಇರುತ್ತದೆ. ಜನ ದಿನಾ ನಡೆಯುವ ದಾರಿ ಉಳಿಯುತ್ತದೆ, ನಡೆಯದ ದಾರಿಯಲ್ಲಿ ಹುಲ್ಲು ಬೆಳೆದು ಅದು ಮಾಯವಾಗುತ್ತದೆ. ಉಳಿದ ದಾರಿಗೆ ಒಂದು ದಿನ ಪಂಚಾಯತ್‌ನವರು ಡಾಮರು ಹಾಕುತ್ತಾರೆ, ಓಡಾಟ ವೇಗವಾಗುತ್ತದೆ. ಹದಿಹರೆಯದ ಮೆದುಳಿನಲ್ಲಿಯೂ ಹೀಗೆ. ಬಳಸದ ಸಂಪರ್ಕಗಳು ಕಳಚಿಕೊಳ್ಳುತ್ತವೆ, ಬಳಸುವ ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಕೂರುತ್ತದೆ, ಸಂದೇಶ ಬೇಗ ಹೋಗುತ್ತದೆ. ಈ ಕೆಲಸ ಎಲ್ಲ ಕಡೆಗೂ ಒಟ್ಟಿಗೆ ತಲುಪುವುದಿಲ್ಲ. ಮುಂದಾಲೋಚನೆ, ಸಂಯಮ ನೋಡಿಕೊಳ್ಳುವ ಹಣೆಯ ಹಿಂದಿನ ಭಾಗಕ್ಕೆ ತಡವಾಗಿ ತಲುಪುತ್ತದೆ. ಅಲ್ಲಿ ಇಪ್ಪತ್ತು ದಾಟಿದ ಮೇಲೂ ಕೆಲಸ ನಡೆಯುತ್ತಾ ಇರುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಇದೆಲ್ಲ ನೂರಾರು ಮಕ್ಕಳ ಸರಾಸರಿ. ಲ್ಯಾಬಿಗೆ ಬರುವ ತಾಯಂದಿರು ಮೆಲ್ಲಗೆ ನನ್ನ ಹತ್ತಿರ ಬಂದು, ‘ನನ್ನ ಮಗನ ತಲೆ ಸರಿ ಇದೆಯಾ ನೋಡಿ ಹೇಳಿ’ ಎನ್ನುತ್ತಾರೆ. ಸಂಶೋಧನೆಯ ಸ್ಕ್ಯಾನ್ ನೋಡಿ ಇವನು ಓದುತ್ತಾನಾ, ಹಠ ಮಾಡುತ್ತಾನಾ, ಮುಂದೆ ಏನಾಗುತ್ತಾನೆ ಎಂದು ಯಾರೂ ಹೇಳಲಾರರು. ಹಾಗೆ ಹೇಳಿ ದುಡ್ಡು ಕೇಳುವವರು ಸಿಕ್ಕಿದರೆ ದೂರ ಇರಿ.

ಹಿಂದೆ ಇಬ್ಬರು ಕೂತಾಗ

ನಾನು ಬೆಂಗಳೂರಿನಲ್ಲಿ ಬೇರೆಯವರ ಮಕ್ಕಳ ಮೆದುಳು ನೋಡುತ್ತಿದ್ದಾಗ ಒಂದು ಸಂಜೆ ಉಮ್ಮನ ಫೋನ್ ಬಂತು. ತಮ್ಮ ಮಾವನ ಬೈಕು ತೆಗೆದುಕೊಂಡು ಹೋಗಿದ್ದ. ಹಿಂದೆ ಇಬ್ಬರು ಸ್ನೇಹಿತರು. ಹೆಲ್ಮೆಟ್ ಇಲ್ಲ, ಲೈಸೆನ್ಸ್ ಇಲ್ಲವೇ ಇಲ್ಲ. ಹೆದ್ದಾರಿಯಲ್ಲಿ ಪೊಲೀಸರು ನಿಲ್ಲಿಸಿದ್ದರು. ಪುಣ್ಯಕ್ಕೆ ಬಿದ್ದಿರಲಿಲ್ಲ. ‘ಒಬ್ಬನೇ ಇರುವಾಗ ಎಷ್ಟು ಪಾಪದವನು ಇವನು! ಆ ಇಬ್ಬರು ಬಂದರೆ ತಲೆಯೇ ಬೇರೆ’ ಎಂದು ಉಮ್ಮ ಅತ್ತರು.

ಉಮ್ಮ ಹೇಳಿದ್ದನ್ನೇ ಲ್ಯಾಬಿನಲ್ಲಿ ಅಳೆದಿದ್ದಾರೆ. 2005ರಲ್ಲಿ ಅಮೆರಿಕದ ಮಾರ್ಗೊ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಒಂದು ಪ್ರಯೋಗ ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ದೀಪ ಹಳದಿಯಾದ ಮೇಲೆ ಎಷ್ಟು ದೂರ ಹೋಗಿ ನಿಲ್ಲಿಸುತ್ತೀರಿ ಎಂಬುದು ಪರೀಕ್ಷೆ. ಆಡಿದವರಲ್ಲಿ 13ರಿಂದ 16ರ ಮಕ್ಕಳು, 18ರಿಂದ 22ರ ಯುವಕರು, 24 ದಾಟಿದ ದೊಡ್ಡವರು, ಹೀಗೆ ಮೂರು ಗುಂಪು. ಅರ್ಧ ಜನ ಒಬ್ಬೊಬ್ಬರೇ ಆಡಿದರು, ಅರ್ಧ ಜನ ಜತೆಗಾರರ ಮುಂದೆ. ಜತೆಗಾರರು ಇದ್ದಾಗ ಚಿಕ್ಕವರು ತೆಗೆದುಕೊಂಡ ಅಪಾಯ ಬಹಳ ಹೆಚ್ಚಿತು. ದೊಡ್ಡವರಲ್ಲಿ ಹಾಗಾಗಲಿಲ್ಲ. 2011ರಲ್ಲಿ ಸ್ಟೈನ್‌ಬರ್ಗ್ ಅವರ ತಂಡ ಇದೇ ರೀತಿಯ ಆಟವನ್ನು ಎಂಆರ್‌ಐ ಯಂತ್ರದಲ್ಲಿ ಆಡಿಸಿತು. ಸ್ನೇಹಿತರು ನೋಡುತ್ತಿದ್ದಾರೆ ಎಂದು ಗೊತ್ತಾದಾಗ ಹದಿಹರೆಯದವರ ಮೆದುಳಿನಲ್ಲಿ ಬಹುಮಾನ ಸಿಕ್ಕಾಗ ಚುರುಕಾಗುವ ಭಾಗಗಳು ಹೆಚ್ಚು ಚುರುಕಾದವು.

ಹಾಗೆಂದು ತಪ್ಪು ತಪ್ಪಲ್ಲ ಎಂದಾಗುವುದಿಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆ ಕಠಿಣವಾಗಿದೆ. ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲಕರಿಗೆ ಮೂರು ವರ್ಷದ ತನಕ ಜೈಲು ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ಆಗುವ ತನಕ ಲೈಸೆನ್ಸ್ ಇಲ್ಲ. ಬೈಕಿನ ಕೀಲಿ ಗೋಡೆಯ ಮೊಳೆಯಲ್ಲಿ ನೇತುಹಾಕುವ ಮನೆಗಳು ನಮ್ಮಲ್ಲಿ ಬಹಳ. ಆ ಮೊಳೆಯಿಂದ ಕೀಲಿ ತೆಗೆದು ಕಪಾಟಿನಲ್ಲಿ ಇಡುವುದು ಅರ್ಧ ಗಂಟೆಯ ಉಪದೇಶಕ್ಕಿಂತ ಉಪಯೋಗ.

ಆ ವಾರ ನಾನು ಊರಿಗೆ ಹೋದೆ. ರಾತ್ರಿ ತಮ್ಮ ಟೆರೇಸಿನಲ್ಲಿ ಒಬ್ಬನೇ ಕೂತಿದ್ದ. ನಾನು ಹೋಗಿ ಕೂತೆ. ತುಂಬ ಹೊತ್ತಿನ ಮೇಲೆ ಕೇಳಿದ, ‘ನಿನ್ನ ಮೆಷಿನ್‌ನಲ್ಲಿ ಹಾಕಿದ್ರೆ ನನ್ನ ತಲೆ ಹಾಳಾಗಿದೆ ಅಂತ ಬರ್ತದಾ?’

ಅಂದು ಜಗಲಿಯಲ್ಲಿ ಅವನು ಯಾಕೆ ನಗಲಿಲ್ಲ ಎಂದು ನನಗೆ ಆಗ ಗೊತ್ತಾಯಿತು. ತಲೆ ಇಲ್ಲ, ಮೆದುಳಿಲ್ಲ, ಬುದ್ಧಿ ಇಲ್ಲ ಎಂದು ದಿನಕ್ಕೆ ಹತ್ತು ಸಲ ಕೇಳಿದ ಹುಡುಗ ಅದನ್ನು ನಂಬಿಬಿಟ್ಟಿದ್ದ. ಹಾಳಾಗಿಲ್ಲ, ಕೆಲಸ ನಡೀತಾ ಉಂಟು ಎಂದೆ. ಕಾಲುದಾರಿಯ ಕತೆ ಹೇಳಿದೆ. ‘ಬೇಡ’ ಎಂದ ಆ ಹುಡುಗನ ಕತೆಯನ್ನೂ ಹೇಳಿದೆ. ತಮ್ಮನಿಗೆ ಮೆದುಳಿಗಿಂತ ಆ ಹುಡುಗನ ಮೇಲೆ ಆಸಕ್ತಿ ಬಂತು. ‘ಅವನು ಬೇಡ ಅಂದ, ನೀವು ಬಿಟ್ರಾ? ಅವನ ಅಪ್ಪ ಸುಮ್ಮನಾದ್ರಾ?’ ಎಂದ. ಸ್ವಲ್ಪ ಸುಮ್ಮನಿದ್ದು, ‘ನಿನಗೆ ಸೈನ್ಸ್ ಬೇಕಾ ಅಂತ ನನ್ನನ್ನು ಯಾರೂ ಕೇಳ್ಲಿಲ್ಲ’ ಎಂದ.

ನಿಜ. ಎಸೆಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದಾಗ ಮನೆಯಲ್ಲಿ ಎಲ್ಲರೂ ಸೇರಿ ಅವನನ್ನು ಸೈನ್ಸಿಗೆ ಹಾಕಿದ್ದೆವು. ಆ ‘ಎಲ್ಲರಲ್ಲಿ’ ನಾನೂ ಇದ್ದೆ.

ರಾತ್ರಿ ಹನ್ನೊಂದರ ಫೋನ್

ನಮ್ಮ ಬಾಪ ಸೌದಿಯಲ್ಲಿ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಕೆಲಸ ಮುಗಿಸಿ, ಸ್ನಾನ ಮಾಡಿ, ಅಡುಗೆ ಮಾಡಿ, ಉಂಡು ಅವರು ಫೋನ್ ಮಾಡುವಾಗ ಅಲ್ಲಿ ಎಂಟೂವರೆ, ಇಲ್ಲಿ ಹನ್ನೊಂದು. ಮನೆಯವರೆಲ್ಲ ಕಾದು ಕೂರುತ್ತಾರೆ. ಫೋನ್ ಮುಗಿಯುವಾಗ ಹನ್ನೊಂದೂವರೆ, ಹನ್ನೆರಡು. ಉಮ್ಮ ಮಲಗುತ್ತಾರೆ. ತಮ್ಮನ ಕೈಯಲ್ಲಿ ಮೊಬೈಲ್ ಉಳಿಯುತ್ತದೆ. ಅವನು ಮಲಗುವುದು ಒಂದು ಗಂಟೆಗೆ, ಕಾಲೇಜು ಬಸ್ಸಿಗಾಗಿ ಏಳುವುದು ಐದೂ ಮುಕ್ಕಾಲಿಗೆ. ಐದು ಗಂಟೆಯೂ ನಿದ್ದೆ ಇಲ್ಲ. ಗಲ್ಫಿನಲ್ಲಿ ಬಾಪ ಇರುವ ಮನೆಗಳಲ್ಲಿ ಇದು ಹೊಸ ಕತೆ ಅಲ್ಲ.

ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯದ ಮೇರಿ ಕಾರ್ಸ್‌ಕಡನ್ ಹದಿಹರೆಯದವರ ನಿದ್ದೆಯನ್ನೇ ದಶಕಗಳ ಕಾಲ ಅಧ್ಯಯನ ಮಾಡಿದವರು. ಪ್ರಾಯಕ್ಕೆ ಬರುವಾಗ ದೇಹದ ಗಡಿಯಾರ ಹಿಂದಕ್ಕೆ ಸರಿಯುತ್ತದೆ. ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ. ಒಂಬತ್ತು ಗಂಟೆಗೆ ಮಲಗು ಎಂದರೆ ನಿದ್ದೆ ಬರುವುದಿಲ್ಲ ಎನ್ನುವ ಮಗ ಸುಳ್ಳು ಹೇಳುತ್ತಿಲ್ಲ. ಆದರೆ ಬೇಕಾದ ನಿದ್ದೆ ಕಡಿಮೆಯಾಗುವುದಿಲ್ಲ. 13ರಿಂದ 18ರ ಪ್ರಾಯಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎನ್ನುವುದು ಅಮೆರಿಕದ ನಿದ್ರಾವೈದ್ಯರ ಸಂಘಟನೆ 2016ರಲ್ಲಿ ಕೊಟ್ಟ ಸಲಹೆ. ಈ ಕಾರಣಕ್ಕೇ ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲುಗಳು ಬೆಳಗ್ಗೆ ಎಂಟೂವರೆಗಿಂತ ಮೊದಲು ಶುರುವಾಗಬಾರದು ಎಂಬ ಕಾನೂನು 2022ರ ಜುಲೈಯಿಂದ ಜಾರಿಗೆ ಬಂದಿದೆ.

ನಮ್ಮ ಮಕ್ಕಳ ಬೆಳಗ್ಗೆ ಬೇಗ ಶುರುವಾಗುತ್ತದೆ. ಮದ್ರಸ, ಅಲ್ಲಿಂದ ಓಡಿ ಬಂದು ಚಾ ಕುಡಿದು ಶಾಲೆ. ಅದನ್ನು ಬದಲಿಸುವ ಮಾತು ನಾನು ಆಡುತ್ತಿಲ್ಲ. ಬದಲಿಸಬಹುದಾದದ್ದು ರಾತ್ರಿ. ನಾನು ಬಾಪನಿಗೆ ಲೆಕ್ಕ ಹೇಳಿದೆ. ಅವರು ಎರಡು ದಿನ ಯೋಚಿಸಿ, ಕೆಲಸ ಮುಗಿಸಿ ಕ್ಯಾಂಪಿಗೆ ಹೋಗುವ ಬಸ್ಸಿನಲ್ಲಿ ಕೂತ ಕೂಡಲೇ ಫೋನ್ ಮಾಡಲು ಶುರು ಮಾಡಿದರು. ಅಲ್ಲಿ ಐದೂವರೆ, ಇಲ್ಲಿ ಎಂಟು. ಬಸ್ಸಿನ ಗದ್ದಲದಲ್ಲಿ ಅರ್ಧ ಮಾತು ಕೇಳುವುದಿಲ್ಲ ಎಂದು ಉಮ್ಮನಿಗೆ ಈಗಲೂ ಅಸಮಾಧಾನ. ಆದರೆ ಹತ್ತೂವರೆಗೆ ಮನೆಯ ದೀಪ ಆರುತ್ತದೆ, ಮೊಬೈಲುಗಳೆಲ್ಲ ಉಮ್ಮನ ತಲೆದಿಂಬಿನ ಹತ್ತಿರ ಹೋಗುತ್ತವೆ. ಉಮ್ಮನದ್ದೂ ಸೇರಿ.

‘ಬೇಜಾರು’ ಎಂಬ ಒಂದು ಶಬ್ದ

ಇಷ್ಟು ಹೊತ್ತು ಹೇಳಿದ ಅಧ್ಯಯನಗಳು ಹೆಚ್ಚಾಗಿ ಅಮೆರಿಕದ್ದು. ಅಲ್ಲಿ ಈಗ ಎಬಿಸಿಡಿ ಎಂಬ ದೊಡ್ಡ ಅಧ್ಯಯನ ನಡೆಯುತ್ತಿದೆ. 9-10 ವರ್ಷದ 11,000ಕ್ಕೂ ಹೆಚ್ಚು ಮಕ್ಕಳನ್ನು 21 ಕೇಂದ್ರಗಳಲ್ಲಿ ಸೇರಿಸಿಕೊಂಡು ದೊಡ್ಡವರಾಗುವ ತನಕ ನೋಡುವ ಯೋಜನೆ. ನಮ್ಮ ಮಕ್ಕಳ ಊಟ, ಓದು, ಮನೆ, ಬಡತನ ಎಲ್ಲ ಬೇರೆ. ಅಲ್ಲಿಯ ಲೆಕ್ಕ ಇಲ್ಲಿಗೆ ಪೂರ್ತಿ ಹೊಂದುತ್ತದೆ ಎನ್ನುವಂತಿಲ್ಲ. ಅದಕ್ಕಾಗಿಯೇ ಭಾರತದಲ್ಲಿ ಸಿ-ವೇದ ಎಂಬ ಅಧ್ಯಯನ ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಲಂಡನ್ನಿನ ಕಿಂಗ್ಸ್ ಕಾಲೇಜು ಸೇರಿ ನಡೆಸಿದ ಇದರಲ್ಲಿ 6ರಿಂದ 23 ವರ್ಷದ ಸುಮಾರು 9,000 ಮಕ್ಕಳು ಮತ್ತು ಯುವಜನರು ಸೇರಿದ್ದಾರೆ. ಬೆಂಗಳೂರು, ಮೈಸೂರು ಮಾತ್ರವಲ್ಲ, ಚಂಡೀಗಢ, ಕೊಲ್ಕತಾ, ಇಂಫಾಲ, ಆಂಧ್ರದ ರಿಷಿವ್ಯಾಲಿಯಲ್ಲೂ ಕೇಂದ್ರಗಳಿದ್ದವು.

ಇಂಥ ಕೆಲಸದಲ್ಲಿ ಯಂತ್ರಕ್ಕಿಂತ ಕಷ್ಟ ಭಾಷೆ. ಇಂಗ್ಲಿಷ್ ಪ್ರಶ್ನಾವಳಿಯನ್ನು ಒಬ್ಬರು ಕನ್ನಡ ಮಾಡುತ್ತಾರೆ, ಅದನ್ನು ನೋಡದ ಇನ್ನೊಬ್ಬರು ಮತ್ತೆ ಇಂಗ್ಲಿಷ್ ಮಾಡುತ್ತಾರೆ, ಎರಡನ್ನೂ ಹೋಲಿಸುತ್ತಾರೆ. ‘ಕಳೆದ ಎರಡು ವಾರ ನಿನಗೆ ಬೇಜಾರು ಇತ್ತಾ?’ ಎಂಬ ಪ್ರಶ್ನೆಯಲ್ಲಿ ನಾವು ಒಂದು ವಾರ ಸಿಕ್ಕಿಬಿದ್ದೆವು. ನಮ್ಮ ಬೇಜಾರಿನಲ್ಲಿ ಎಷ್ಟು ಉಂಟು ನೋಡಿ. ಹೊತ್ತು ಹೋಗದಿದ್ದರೂ ಬೇಜಾರು, ಗೆಳೆಯ ಮಾತು ಬಿಟ್ಟರೂ ಬೇಜಾರು, ಬದುಕು ಬೇಡ ಅನಿಸಿದರೂ ಬೇಜಾರು. ಮಗು ‘ಹೌದು’ ಎಂದರೆ ಯಾವುದಕ್ಕೆ ಹೌದು? ಕೊನೆಗೆ ಒಂದು ಪ್ರಶ್ನೆಯನ್ನು ಮೂರು ಮಾಡಿದೆವು. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮಾತಾಡಿ ಬೆಳೆದ ನಮಗೆ ಒಂದು ಶಬ್ದ ಮನೆಯಿಂದ ಮನೆಗೆ ಹೇಗೆ ಅರ್ಥ ಬದಲಿಸುತ್ತದೆ ಎಂದು ಯಾರೂ ಕಲಿಸಬೇಕಾಗಿಲ್ಲ. ಅಲ್ಲಿ ಅದು ನನ್ನ ಡಿಗ್ರಿಗಿಂತ ಹೆಚ್ಚು ಉಪಯೋಗಕ್ಕೆ ಬಂತು.

ಮನೆಯಲ್ಲಿ ಮಗ, ಮಗಳು ‘ಬೇಜಾರು’ ಎಂದರೆ ನೀವೂ ಒಂದು ಪ್ರಶ್ನೆ ಹೆಚ್ಚು ಕೇಳಿ. ಬದುಕು ಬೇಡ ಎನ್ನುವ ಮಾತು ಬಂದರೆ ತಡಮಾಡಬೇಡಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಈ ಕೆಲಸಕ್ಕೆ ಬರಬೇಕೆಂದರೆ

ಊರಿನ ಹೆಣ್ಣುಮಕ್ಕಳು ನನ್ನನ್ನು ಕೇಳುವುದು ಇದನ್ನೇ. ಸೈಕಾಲಜಿಯಲ್ಲಿ ಬಿಎ ಅಥವಾ ಬಿಎಸ್ಸಿ ಮಾಡಿ ಎಂಎಸ್ಸಿ ಮುಗಿಸಿದವರು ಈ ಕೆಲಸಕ್ಕೆ ಹೆಚ್ಚು ಬರುತ್ತಾರೆ. ಸಮಾಜಕಾರ್ಯ, ನರ್ಸಿಂಗ್, ಜೀವವಿಜ್ಞಾನ, ಎಂಜಿನಿಯರಿಂಗ್ ಓದಿದವರೂ ನಮ್ಮ ಲ್ಯಾಬಿನಲ್ಲಿ ಇದ್ದರು. ಸಂಖ್ಯಾಶಾಸ್ತ್ರಕ್ಕೆ ಹೆದರಬಾರದು. ಸ್ವಲ್ಪ ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿತರೆ ಬಹಳ ಒಳ್ಳೆಯದು.

ಮುಚ್ಚಿಡದೆ ಹೇಳುತ್ತೇನೆ, ಇದು ಗುತ್ತಿಗೆ ಕೆಲಸ. ಅನುದಾನ ಎಷ್ಟು ವರ್ಷ ಇರುತ್ತದೋ ಅಷ್ಟು ವರ್ಷ. ಯುಜಿಸಿ ನೆಟ್‌ನಂಥ ಪರೀಕ್ಷೆ ಬರೆದು ಜೆಆರ್‌ಎಫ್ ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಮನೆಬಾಡಿಗೆ ಭತ್ಯೆ ಬೇರೆ. ಪರೀಕ್ಷೆ ಇಲ್ಲದೆ ಸೇರುವ ನನ್ನಂಥ ಸಹಾಯಕರಿಗೆ ಅದಕ್ಕಿಂತ ಕಡಿಮೆಯೇ ಸಿಗುವುದು ಹೆಚ್ಚು. ಬೆಂಗಳೂರಿನ ಪಿಜಿ ಬಾಡಿಗೆ ಕೊಟ್ಟು ಮನೆಗೆ ಕಳುಹಿಸಲು ಹೆಚ್ಚು ಉಳಿಯುವುದಿಲ್ಲ. ಪಿಎಚ್‌ಡಿಗೆ ಹೋಗಲು ಇದು ಒಳ್ಳೆಯ ಮೆಟ್ಟಿಲು. ರೋಗಿಗಳನ್ನು ನೋಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕೆಂದರೆ ದಾರಿ ಬೇರೆ. ಅದಕ್ಕೆ ಭಾರತೀಯ ಪುನರ್ವಸತಿ ಮಂಡಳಿ ಮಾನ್ಯ ಮಾಡಿದ ಕೋರ್ಸ್ ಮತ್ತು ನೋಂದಣಿ ಬೇಕು. ಸೇರುವ ಮೊದಲು ಇದನ್ನು ತಿಳಿದುಕೊಳ್ಳಿ.

ತಣ್ಣಗಿನ ಹೊತ್ತು

2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಿರುತ್ತದೆ. ಭಾರತ, ಜೋರ್ಡಾನ್, ಕೆನ್ಯಾ ಸೇರಿ 11 ದೇಶಗಳ 10ರಿಂದ 30 ವರ್ಷದ 5,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ್ದರು. ಶಾಂತವಾಗಿ ಯೋಚಿಸುವ ಶಕ್ತಿ 16ರ ಆಸುಪಾಸಿನಲ್ಲೇ ದೊಡ್ಡವರ ಮಟ್ಟಕ್ಕೆ ಬರುತ್ತದೆ. ಆವೇಶದಲ್ಲಿ ತಡೆದುಕೊಳ್ಳುವ ಶಕ್ತಿ ಬರುವುದು ಇನ್ನೂ ಕೆಲವು ವರ್ಷದ ನಂತರ. ಬೈಕಿನ ಮೇಲೆ ಹಿಂದೆ ಇಬ್ಬರನ್ನು ಕೂರಿಸಿಕೊಂಡವನೂ ಅವನೇ, ಟೆರೇಸಿನಲ್ಲಿ ಒಬ್ಬನೇ ಕೂತು ಲೆಕ್ಕ ಹಾಕುವವನೂ ಅವನೇ. ಮೊದಲನೆಯವನಿಂದ ಕೀಲಿ ತೆಗೆದಿಡಬೇಕು. ಎರಡನೆಯವನನ್ನು ಕೂರಿಸಿ ಕೇಳಬೇಕು. ನಾವು ಅನೇಕ ಸಲ ಇದನ್ನು ತಿರುಗಾಮುರುಗಾ ಮಾಡುತ್ತೇವೆ. ಕೀಲಿ ಕೊಡುತ್ತೇವೆ, ಮಾತು ಕೇಳುವುದಿಲ್ಲ.

ತಮ್ಮನ ವಿಷಯದಲ್ಲಿ ಬಾಪ ಒಂದು ಶುಕ್ರವಾರ, ಅವರಿಗೆ ರಜೆಯ ದಿನ, ಅವನೊಬ್ಬನಿಗೇ ಫೋನ್ ಮಾಡಿದರು. ‘ಸೈನ್ಸ್ ಬಿಡಬೇಕಾ? ಈಗಲೇ ಹೇಳಬೇಡ, ಯೋಚನೆ ಮಾಡಿ ಹೇಳು’ ಎಂದರಂತೆ. ಕೂಡಲೇ ಬಿಡುತ್ತಾನೆ ಎಂದು ನಾವೆಲ್ಲ ಅಂದುಕೊಂಡೆವು. ಅವನು ಮೂರು ದಿನ ತೆಗೆದುಕೊಂಡ. ‘ಒಂದು ವರ್ಷ ಹೋಗಿ ಆಯ್ತು. ಸೈನ್ಸೇ ಮುಗಿಸ್ತೇನೆ. ಆದರೆ ನೀಟ್ ಕೋಚಿಂಗ್ ಬೇಡ. ಪಿಯುಸಿ ಆದ ಮೇಲೆ ಬಿಕಾಂಗೆ ಹೋಗ್ತೇನೆ’ ಎಂದ. ನಾವು ಯಾರೂ ಇಷ್ಟು ನೇರವಾದ ಲೆಕ್ಕ ಹಾಕಿರಲಿಲ್ಲ. ಬಾಪ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಲೈನ್ ಕಟ್ ಆಯಿತೋ ಎಂದು ತಮ್ಮ ಎರಡು ಸಲ ಹಲೋ ಅಂದ. ಆಮೇಲೆ ‘ಆಯ್ತು’ ಎಂದರು. ಮಗ ಡಾಕ್ಟರ್ ಆಗುವುದಿಲ್ಲ ಎಂದು ಉಮ್ಮನಿಗೆ ಬೇಜಾರು ಇನ್ನೂ ಉಂಟು. ಯಾವ ಬೇಜಾರು ಎಂದು ನಾನು ಕೇಳಿದ್ದೇನೆ. ‘ಸ್ವಲ್ಪ ದಿನದಲ್ಲಿ ಹೋಗುವ ಬೇಜಾರು’ ಎಂದಿದ್ದಾರೆ.